ಒಂದು ವಾರಕ್ಕೆಂದು ಕೂತ ಅತ್ತೆ

ಮುನ್ನೂರ ಹನ್ನೆರಡು ಬೈಟು. ಶುಕ್ರವಾರ ಸಂಜೆ ಕಣ್ಣಿಗೆ ಬಿದ್ದ ಈ ಸಂಖ್ಯೆ ಶನಿವಾರ ಬೆಳಗಾದರೂ ತಲೆಯಿಂದ ಇಳಿಯಲಿಲ್ಲ. ಮಗಳ ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿ ಎದ್ದುಹೋಗಿದ್ದೆ. ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು.

"ಮುನ್ನೂರ ಚಿಲ್ಲರೆ ಬೈಟು ಅಂದ್ರೆ, ನೀನು ನಂಗೆ ಕಳಿಸೋ ಬೈಗುಳದ ಮೆಸೇಜಷ್ಟೂ ಇಲ್ವಲ್ಲೇ," ಎಂದು ಗಂಡ ನಗುತ್ತ ಒಲೆ ಒರೆಸಿದರು. ನನಗೆ ನಗು ಬರಲಿಲ್ಲ. ಆ ಬೈಟುಗಳು ಎಲ್ಲಿಂದ ಬಂದವೆಂದು ಕೇಳಿದರೆ ಅತ್ತೆಯ ಬಿಡುಗಡೆಯೇ ತಪ್ಪಿಹೋಗಬಹುದಿತ್ತು.

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ. ನಮ್ಮ ಕಚೇರಿಗೆಲ್ಲ ಅತ್ತೆ. ಲಿಫ್ಟಿನ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವ ಸಾಫ್ಟ್‌ವೇರು ನಮ್ಮದು. ಹದಿನೆಂಟು ಜನ ಬರೆದ ತುಂಡುಗಳನ್ನೂ ಹೊರಗಿನವರು ಬರೆದು ಹಂಚಿದ ಸಿದ್ಧ ಪ್ಯಾಕೇಜುಗಳನ್ನೂ ಸೇರಿಸಿ, ಬಾಗಿಲ ಮೇಲಿನ ಪುಟ್ಟ ಪೆಟ್ಟಿಗೆಗೆ ಹಿಡಿಸುವ ಒಂದೇ ಕಂತೆಯಾಗಿ ಕಟ್ಟಬೇಕು. ಆ ಕೆಲಸ ಆಕೆಯದು. ಯಾರ ತುಂಡನ್ನೂ ಮೂಗು ಮುರಿಯದೆ ಒಳಗೆ ಬಿಟ್ಟುಕೊಂಡವರಲ್ಲ. ಅದಕ್ಕೇ ಆ ಹೆಸರು. ಹೊಸಬರು ಬರೆದದ್ದನ್ನು ಒಪ್ಪಿಸಿ ಬಂದರೆ ಉಳಿದವರು ಕೇಳುತ್ತಿದ್ದದ್ದು ಒಂದೇ ಮಾತು: "ಅತ್ತೆ ಒಪ್ಪಿದ್ರಾ?"

ಟೈಪಿಸ್ಟಾಗಿ ಸೇರಿದವರು. ಈ ಕಂತೆ ಕಟ್ಟುವ ಆಜ್ಞೆಗಳ ಪಟ್ಟಿ, ಅಂದರೆ ಬಿಲ್ಡ್ ಸ್ಕ್ರಿಪ್ಟು, ಬರೆದಿದ್ದ ಎಂಜಿನಿಯರು ಹೇಳದೆ ಕೇಳದೆ ಬಿಟ್ಟುಹೋದಾಗ, "ಒಂದು ವಾರ ನೋಡ್ಕೊಳ್ಳಿ ಮೇಡಂ, ಬೇರೆಯವರನ್ನ ಹಾಕ್ತೀವಿ" ಎಂದು ಕೂರಿಸಿದರು. ಅದಾಗಿ ಹದಿನಾರು ವರ್ಷ. ಕಾಫಿ ಯಂತ್ರದ ಹಿಂದೆ ಕಿಟಕಿಯಿಲ್ಲದ ಕೋಣೆ, ಮೇಜಿನಡಿ 'ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿಕೊಂಡ ಕಂಪ್ಯೂಟರು. ಸ್ಕ್ರಿಪ್ಟು ಎರಡು ಸಾವಿರ ಸಾಲು ದಾಟಿ ಬೆಳೆಯಿತು. ಆ ಒಂದು ಕಂಪ್ಯೂಟರು ಬಿಟ್ಟು ಬೇರೆಲ್ಲೂ ಓಡದು, ಅತ್ತೆಯನ್ನು ಬಿಟ್ಟು ಬೇರೆ ಯಾರ ಮಾತೂ ಕೇಳದು. ಮಗಳ ಮದುವೆಯ ನಾಲ್ಕು ಫೋಟೋಗಳಲ್ಲಿ ಆಕೆ ಫೋನು ಕಿವಿಗೊತ್ತಿಕೊಂಡು ಯಾರಿಗೋ ಕಮಾಂಡು ಹೇಳಿಕೊಡುತ್ತಿದ್ದಾರೆ. ಮೊದಲ ಮೊಮ್ಮಗ ಹುಟ್ಟುವ ದಿನ, ನಲವತ್ತೇಳು ನಿಮಿಷದ ಬಿಲ್ಡು ನಲವತ್ತನೆಯ ನಿಮಿಷಕ್ಕೆ ಮುರಿದುಬಿತ್ತು. ಬಸ್ಸು ತಪ್ಪಿತು. ಆಮೇಲೆ ಒಂದರ ಹಿಂದೊಂದು ಕೆಲಸ ಬಂದು, ಮಗುವಿನ ಮುಖ ನೋಡಿದ್ದು ಹನ್ನೊಂದನೆಯ ದಿನ.

"ಮಗಳು ಏನೂ ಅನ್ನಲಿಲ್ಲ ಕಣೇ," ಎಂದಿದ್ದರು ಒಮ್ಮೆ. "ಅಂದುಬಿಟ್ಟಿದ್ರೆ ಚೆನ್ನಾಗಿತ್ತು."

ಹೆರಿಗೆ ರಜೆ ಮುಗಿಸಿ ಬಂದ ನನಗೆ ಮ್ಯಾನೇಜರು ಮೊದಲು ಒಪ್ಪಿಸಿದ್ದು ಒಂದು ವರದಿ. ಮೂರು ದಾರಿ ಹೋಲಿಸಬೇಕು: ಅತ್ತೆಯ ಹಳೆಯ ಸ್ಕ್ರಿಪ್ಟು, ಬೇಜಲ್ ಎಂಬ ಬಿಲ್ಡ್ ಟೂಲು, ಇಲ್ಲವೇ ಸಿಮೇಕ್ ಎಂಬ ಟೂಲಿನ ಜೊತೆಗೆ ಕೋನನ್ ಎಂಬ ಪ್ಯಾಕೇಜ್ ಮ್ಯಾನೇಜರು. ನಾನು ಹಿಂಜರಿಯುತ್ತ ಆ ಕೋಣೆಗೆ ಹೋದೆ.

"ನನ್ನ ಕೆಲಸ ಕಿತ್ಕೊಳ್ಳೋಕೆ ಬಂದ್ಯಾ?"

"ಹೂಂ ಅತ್ತೆ."

"ಹಾಗಾದ್ರೆ ಬೇಗ ಕಿತ್ಕೋ. ಮಗಳಿಗೆ ಎರಡನೇದು. ಈ ಸಲ ಡಾಕ್ಟ್ರು ಹಾಸಿಗೆ ಬಿಟ್ಟು ಏಳಬೇಡ ಅಂದಿದಾರೆ."

ಆರು ವಾರ ಪಕ್ಕದಲ್ಲೇ ಕೂತರು. ಪ್ರತಿ ಕಡತವೂ ಬೇರೆ ಯಾವ ಕಡತಗಳನ್ನು ಅವಲಂಬಿಸಿದೆ ಎಂದು ಬರೆದುಕೊಡದಿದ್ದರೆ ಬೇಜಲ್ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. "ಇದು ನನಗೂ ಅತ್ತೆ," ಎಂದು ನಕ್ಕರು. ಕೋನನ್ ಸುಲಭ. ದಿನಸಿ ಚೀಟಿ ಕೊಟ್ಟ ಹಾಗೆ ಪ್ಯಾಕೇಜಿನ ಹೆಸರು, ಆವೃತ್ತಿಯ ಸಂಖ್ಯೆ ಕೊಟ್ಟರೆ ಹೊರಗಿನ ಉಗ್ರಾಣದಿಂದ ತಾನೇ ತರುತ್ತದೆ, ಸಿಮೇಕ್ ಕಟ್ಟುತ್ತದೆ. ಒಟ್ಟು ನಾಲ್ಕು ನಿಮಿಷ, ಯಾರ ಲ್ಯಾಪ್‌ಟಾಪಿನಲ್ಲಾದರೂ ಸರಿ. ಅದನ್ನೇ ಆರಿಸಿ ಬರೆದೆ. 'ಹಳೆಯ, ಹೊಸ ಕಂತೆಗಳ ವ್ಯತ್ಯಾಸ ನಗಣ್ಯ' ಎಂಬ ವಾಕ್ಯವೂ ನನ್ನದೇ.

ವರದಿ ಒಪ್ಪಿಗೆಯಾಯಿತು. ಬರುವ ಸೋಮವಾರ ಏಳು ಮಾದರಿಯ ಬಾಗಿಲುಗಳಿಗೂ ಹೊಸ ಕಂತೆ ಹೋಗಬೇಕಿತ್ತು. ಅತ್ತೆಗೆ ಆರು ತಿಂಗಳ ರಜೆ. ಶುಕ್ರವಾರ ಅವರ ಕಣ್ಣೆದುರೇ ಹಳೆಯ ಕಂಪ್ಯೂಟರನ್ನು ಅಳಿಸಿ ಒಯ್ದರು. ಹಳೆಯ, ಹೊಸ ಕಂತೆಗಳ ಗಾತ್ರದಲ್ಲಿ ಮುನ್ನೂರ ಹನ್ನೆರಡು ಬೈಟುಗಳ ವ್ಯತ್ಯಾಸವಿದ್ದದ್ದು ಆ ಸಂಜೆಯೇ ನನ್ನ ಕಣ್ಣಿಗೆ ಬಿದ್ದದ್ದು. ಶನಿವಾರ ಬೆಳಿಗ್ಗೆ ಆಕೆ ಮಗಳ ಊರಿನ ಬಸ್ಸು ಹತ್ತಿದರು.

ಮಧ್ಯಾಹ್ನ ನನ್ನ ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪು ತೆರೆದೆ. ಒಂದು ಮಾದರಿಯ ಹಳೆಯ ಕಂತೆ ಮೂಲ ಕೋಡಿನ ಸಮೇತ ನನ್ನ ಬಳಿ ಉಳಿದಿತ್ತು. ಅದನ್ನೂ ಹೊಸದನ್ನೂ ಬಿಚ್ಚಿ ಎದುರುಬದುರು ಇಟ್ಟೆ. ನಲವತ್ತೊಂದು ಪ್ಯಾಕೇಜುಗಳಲ್ಲಿ ನಲವತ್ತು ಅಕ್ಷರಶಃ ಒಂದೇ. ಉಳಿದದ್ದು ಬಾಗಿಲ ಸೆನ್ಸರಿನದು. ಹೆಸರು ಅದೇ, ಆವೃತ್ತಿಯ ಸಂಖ್ಯೆಯೂ ಅದೇ. ಒಳಗೆ ಮಾತ್ರ ಬೇರೆ. ಹೊರಗಿನದರಲ್ಲಿ ಸೆನ್ಸರು ಮೂರು ಸಲ 'ಯಾರೂ ಇಲ್ಲ' ಎಂದರೆ ಬಾಗಿಲು ಮುಚ್ಚುತ್ತದೆ. ಅತ್ತೆಯದರಲ್ಲಿ ಒಂಬತ್ತು ಸಲ ಅನ್ನಬೇಕು. ಪಕ್ಕದಲ್ಲಿ ಹನ್ನೆರಡು ವರ್ಷ ಹಿಂದಿನ ತಾರೀಕಿನ ಜೊತೆ ಅವರ ಟಿಪ್ಪಣಿ: 'ಪುಟ್ಟ ಕೈಗೆ ಮೂರು ಸಾಲದು.'

ಕೈಯಾರೆ ತಿದ್ದಿದ್ದರು, ಆವೃತ್ತಿಯ ಸಂಖ್ಯೆ ಬದಲಿಸಿರಲಿಲ್ಲ. ಆಗ ಬದಲಿಸುವ ಅಗತ್ಯವೂ ಇರಲಿಲ್ಲ. ಇದ್ದದ್ದು ಒಂದೇ ಕಂಪ್ಯೂಟರು, ಅದರಲ್ಲಿ ಒಂದೇ ಪ್ರತಿ. ಕೋನನ್‌ಗೆ ಸಂಖ್ಯೆಯೊಂದೇ ಗೊತ್ತು. ಕೇಳಿದ್ದನ್ನು ನಿಯತ್ತಾಗಿ ಹೊರಗಿನಿಂದ ತಂದುಕೊಟ್ಟಿತು. ಪರೀಕ್ಷೆಗಳೆಲ್ಲ ಪಾಸು, ಯಾಕೆಂದರೆ ನಮ್ಮ ಪರೀಕ್ಷಾ ಬಾಗಿಲಿಗೆ ಅಡ್ಡ ಹಿಡಿಯುವುದು ತೋಳಿನಷ್ಟು ದಪ್ಪದ ಮರದ ತುಂಡು.

ಈ ಒಂದನ್ನು ನಾನೇ ಸರಿಪಡಿಸಬಹುದು. ಉಳಿದ ಆರು ಮಾದರಿಗಳಲ್ಲಿ ಇಂಥವು ಎಷ್ಟಿವೆ? ಆ ಕಂಪ್ಯೂಟರೇ ಈಗಿಲ್ಲ. ಇರುವುದು ಅತ್ತೆಯ ತಲೆಯಲ್ಲಿ. ಮ್ಯಾನೇಜರಿಗೆ ಹೇಳಿದರೆ ಏನನ್ನುತ್ತಾರೆಂದು ಗೊತ್ತು: "ಅವರನ್ನ ವಾಪಸ್ ಕರೆಸಿ, ಒಂದು ವಾರದ ಮಟ್ಟಿಗೆ." ಹೇಳದಿದ್ದರೆ ಸೋಮವಾರ ಸಾವಿರಾರು ಬಾಗಿಲುಗಳು ಮೂರೇ ಎಣಿಸಿ ಮುಚ್ಚತೊಡಗುತ್ತವೆ. ಮೆಸೇಜು ಬರೆದೆ, ಅಳಿಸಿದೆ. ನಂಬರು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದೆ. ಬಟ್ಟೆ ಮಡಚಿದೆ, ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಡೆಗೂ ಅತ್ತೆಗೇ ಫೋನು ಮಾಡಿದೆ.

"ಹೇಳೇ," ಎಂದರು. ಹಿಂದೆ ಬಸ್ಸಿನ ಗದ್ದಲ. "ಅರ್ಧ ದಾರಿ ಆಯ್ತು. ಪಕ್ಕದವರು ನನ್ನ ಭುಜಾನೇ ದಿಂಬು ಮಾಡ್ಕೊಂಡಿದಾರೆ."

ಹೇಳಿದೆ. ಒಂದೇ ಉಸಿರಿಗೆ, ತೊದಲುತ್ತ, ಹೇಳಿದ್ದನ್ನೇ ಮತ್ತೆ ಹೇಳುತ್ತ.

"ನಂಬರು ಬದಲಾಯಿಸ್ಲಿಲ್ಲ ನಾನು," ಎಂದರು ಅತ್ತೆ.

"ಇಲ್ಲ."

"ಮುಂದಿನ ನಿಲ್ದಾಣದಲ್ಲಿ ಇಳ್ಕೊಳ್ತೀನಿ ಬಿಡು."

"ಬೇಡ ಅತ್ತೆ. ಎಲ್ಲೆಲ್ಲಿ ಕೈ ಹಾಕಿದೀರಾ ಹೇಳಿ, ಅಷ್ಟು ಸಾಕು. ನಾನು ಬರ್ಕೊಳ್ತೀನಿ."

"ಬರ್ಕೊಂಡ್ರೆ ಆಮೇಲೆ ಎಲ್ಲರೂ ನಿನ್ನನ್ನೇ ಕೇಳ್ತಾರೆ. ಸೋಮವಾರ, ಅದರಾಚೆ ಸೋಮವಾರ. ಗೊತ್ತು ತಾನೇ?"

"ಗೊತ್ತು."

ಒಳಕೋಣೆಯಲ್ಲಿ ಮಗಳು ಎಚ್ಚರಗೊಂಡು ಅಳತೊಡಗಿದಳು. ಅದು ಅವರಿಗೂ ಕೇಳಿಸಿರಬೇಕು.

"ಮೊದಲು ಮಗೂನ ಎತ್ಕೋ ಹೋಗು."

"ನಮ್ಮನೆಯವರು ಎತ್ಕೊಳ್ತಾರೆ," ಎಂದೆ. "ನೀವು ಹೇಳಿ."

ಅತ್ತೆ ತಾವು ಕೈ ಹಾಕಿದ್ದ ಮೊದಲನೆಯ ಜಾಗ ಹೇಳಿದರು.