ಬಾಣಂತನ ಹಿಡಿಸುವ ಪೆಟ್ಟಿಗೆ

ಮುಂಡರಗಿಯಿಂದ ಬೆಳಗಿನ ಬಸ್ಸು ಹೊರಟಾಗ ಅತ್ತೆಯ ತೊಡೆಯ ಮೇಲೆ ಕೌದಿ, ಕೌದಿಯ ಮೇಲೆ ಅಂಟಿನುಂಡೆಯ ಡಬ್ಬಿ, ಡಬ್ಬಿಯ ಮೇಲೆ ಅವರ ಎರಡೂ ಕೈ ಇದ್ದವು. ಕಿಟಕಿಯ ಸೀಟು ನನಗೆ ಸಿಕ್ಕಿತ್ತು, ಆದರೆ ಅರ್ಧ ಕೌದಿ ನನ್ನ ಮೇಲೂ ಹರಡಿತ್ತು. ಆಧಾರ್ ಕಾರ್ಡ್ ತೋರಿಸಿ ಇಬ್ಬರೂ ಶೂನ್ಯ ದರದ ಟಿಕೆಟ್ ಪಡೆದೆವು.

ಹೊರಟದ್ದು ಗದಗಿಗೆ, ಸೂಟ್‌ಕೇಸ್ ಕೊಳ್ಳಲು. ನನ್ನ ನಾದಿನಿ ಗೀತಾ ಡೆಹರಾಡೂನಿನಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು. ಡಾಕ್ಟರು ಪ್ರಯಾಣ ಬೇಡವೆಂದರು. ಹಾಗಾಗಿ ತವರೇ ಅವಳ ಬಳಿ ಹೋಗಬೇಕಾಯಿತು. ಅಂದರೆ ಅತ್ತೆ ಒಬ್ಬರೇ, ಹುಬ್ಬಳ್ಳಿಯಿಂದ ವಿಮಾನದಲ್ಲಿ. ಕೈಚೀಲಕ್ಕೆ ಏಳು ಕಿಲೋ, ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಗೆ ಹದಿನೈದು. ಇಡೀ ಬಾಣಂತನ ಅಷ್ಟರಲ್ಲೇ ಹಿಡಿಸಬೇಕು.

ಹುಟ್ಟುವ ಕೂಸಿಗೆಂದು ಕೌದಿಯನ್ನು ಮುಂಡರಗಿಯಲ್ಲಿರುವ ಅತ್ತೆಯ ಅಕ್ಕ, ಮನೆಯ ಹಳೆಯ ಸೀರೆಗಳಿಂದ ಹೊಲಿದಿದ್ದರು; ಅದನ್ನು ಒಯ್ಯಲೆಂದೇ ಲಕ್ಷ್ಮೇಶ್ವರದ ನಮ್ಮ ಮನೆಯಿಂದ ಅಲ್ಲಿಗೆ ಹೋಗಿದ್ದೆವು. ಒಂದು ಮೂಲೆಯನ್ನು ಮಾತ್ರ ತೆರೆದೇ ಬಿಟ್ಟಿದ್ದರು. ಕೌದಿ ಹಸಿದಿರಬಾರದು ಎಂದು ನಮ್ಮಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿಗೆ ಮುಗಿಸುತ್ತಾರೆ. ಆ ರೊಟ್ಟಿ ಗೀತಾಳ ಒಲೆಯದೇ ಆಗಬೇಕೆಂದು ಅಕ್ಕತಂಗಿಯರು ತೀರ್ಮಾನಿಸಿದ್ದರು; ಆ ಮೂಲೆಯನ್ನು ಅತ್ತೆ ಅಲ್ಲೇ ಹೊಲಿಯುವುದಿತ್ತು.

“ಪೆಟಿಗಿ ಯಾರದೋ ಕೈಯಾಗ ಕೊಟ್ಟು ನಾ ಬರಿಗೈಲೆ ಕುಂಡ್ರಂಗಿಲ್ಲ ನೋಡು, ಸುಮಾ,” ಎಂದು ಅತ್ತೆ ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಗದಗಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಗಿರ್ಮಿಟ್, ಮಿರ್ಚಿ ತಿಂದು ಆಟೊದಲ್ಲಿ ಬೆಟಗೇರಿಯ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ಥಳಥಳಿಸುವ ಗಟ್ಟಿ ಪೆಟ್ಟಿಗೆಯೊಂದನ್ನು ತಂದಿಟ್ಟರು. ಅತ್ತೆ ಅದರ ಮೇಲೆ ಕುಳಿತೇಬಿಟ್ಟರು.

“ಅವ್ವಾರ, ಅದು ಕುರ್ಚಿ ಅಲ್ರೀ!”

“ಸೀಟ್ ಸಿಗಲಿಲ್ಲಂದ್ರ ಬಸ್ಸಿನ್ಯಾಗ ಇದ ಕುರ್ಚಿರಿ,” ಎಂದರು ಅತ್ತೆ.

ಅದು ಅವರ ಭಾರ ತಡೆಯಿತು, ಆದರೆ ಖಾಲಿಯಿದ್ದಾಗಲೇ ಭಾರವಿತ್ತು. ಪೆಟ್ಟಿಗೆಯೇ ಇಷ್ಟು ತೂಗಿದರೆ ಉಂಡೆಗೆ ಉಳಿಯುವುದೆಷ್ಟು? ಕೊನೆಗೆ ದಪ್ಪ ಬಟ್ಟೆಯ, ದೊಡ್ಡ ಗಾಲಿಗಳ, ಒಳಗೂ ಹೊರಗೂ ಜಿಪ್ಪಿನ ಜೇಬುಗಳಿದ್ದ ಒಂದನ್ನು ಆರಿಸಿದೆವು. ಅತ್ತೆ ಜಿಪ್ಪನ್ನು ಎಳೆದೆಳೆದು ನೋಡಿದರು. ಸೀಟಿನ ಕೆಳಗೆ ಹಿಡಿಯುವ ಮೆತ್ತನೆಯ ಕೈಚೀಲವೊಂದನ್ನೂ ತೆಗೆದುಕೊಂಡು, ನೆಲದ ಮೇಲೆಯೇ ಕೌದಿ ಮಡಿಸಿ ತುಂಬಿದೆವು. ಕೌದಿಯೊಂದಕ್ಕೇ ಚೀಲ ಬಿರಿಯುವಂತಾಯಿತು.

“ಸೂಜಿ, ಕತ್ರಿ ಕೈಚೀಲದಾಗ ಬಿಡಂಗಿಲ್ರಿ. ದೊಡ್ಡದರಾಗ ಇಡ್ರಿ,” ಎಂದರು ಅಂಗಡಿಯವರು.

ಅತ್ತೆಯ ಮುಖ ಬಾಡಿತು. ಡೆಹರಾಡೂನಿನಲ್ಲೇ ಒಂದು ಸೂಜಿ ಕೊಂಡರಾಯಿತು ಎಂದೆ.

“ಅದು ನಮ್ಮವ್ವನ ಸೂಜಿ. ಗೀತಾ ಹುಟ್ಟಿದಾಗ ಆಕಿ ಕೌದೀನೂ ಅದರಾಗ ಹೊಲದದ್ದು,” ಎಂದರು ಮೆಲ್ಲಗೆ.

ಶಿರಹಟ್ಟಿ ಮೇಲೆ ಹಾದು ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಕಿಕ್ಕಿರಿದಿತ್ತು. ಉಂಡೆಯ ಡಬ್ಬಿ ಅತ್ತೆಯ ಕಂಕುಳಲ್ಲೇ ಇತ್ತು. ಕಂಡಕ್ಟರು ದೊಡ್ಡ ಪೆಟ್ಟಿಗೆಯನ್ನು ಹಿಂದಿನ ಡಿಕ್ಕಿಗೆ ಹಾಕಿಸಿದರು. ಖಾಲಿ ಪೆಟ್ಟಿಗೆಯೇ ಆದರೂ ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ. ಶಿರಹಟ್ಟಿಯಲ್ಲಿ ಬಸ್ಸು ನಿಂತದ್ದೇ ತಡ, ಚೀಲ, ಡಬ್ಬಿ ಸಮೇತ ಇಳಿದು ಡಿಕ್ಕಿ ತೆಗೆಸಿದರು. “ಐತಿ,” ಎಂದು ಹತ್ತಿ ಬರುವಷ್ಟರಲ್ಲಿ ಶಿಗ್ಲಿಗೆ ಹೊರಟ ಹೆಂಗಸೊಬ್ಬಳು ಅವರ ಸೀಟಿನಲ್ಲಿದ್ದಳು. ನನ್ನ ಸೀಟು ಕೊಟ್ಟರೂ ಒಲ್ಲೆನೆಂದು ಲಕ್ಷ್ಮೇಶ್ವರದವರೆಗೂ ನಿಂತೇ ಬಂದರು. ನನಗೆ ನಗು ಬಂತು. ಆಮೇಲೆ, ವಿಮಾನದಲ್ಲಿ ಇಳಿದು ನೋಡಲಾಗದೆ ಇವರೊಬ್ಬರೇ ಹೇಗೆ ಕೂರುತ್ತಾರೋ ಎಂದುಕೊಂಡೆ.

ಲಕ್ಷ್ಮೇಶ್ವರದಲ್ಲಿ ಪೆಟ್ಟಿಗೆ ಧೂಳು ಮೆತ್ತಿಕೊಂಡು ಇಳಿಯಿತು. ಅತ್ತೆ ಅದನ್ನು ಸೆರಗಿನಿಂದ ಒರೆಸಿದರು.

ಮನೆಗೆ ಬಂದವರೇ ಕಾಲು ತೊಳೆದು, ಉಂಡೆಯ ಡಬ್ಬಿಯನ್ನು ತಾವೇ ದೊಡ್ಡ ಪೆಟ್ಟಿಗೆಯಲ್ಲಿಟ್ಟರು. ನನಗೆ ಆಶ್ಚರ್ಯವಾಯಿತು.

“ಉಂಡಿ ತಡಾ ಆದ್ರ ನಡೀತೈತಿ. ಕೂಸಿಗೆ ಚಳಿ ಆಗಬಾರ್ದು. ಕೌದಿ ಅಷ್ಟ ನನ್ನ ಕೈಯಾಗ ಇರ್ಲಿ.”

ಆಮೇಲೆ ದೇವರ ಗೂಡಿನಿಂದ ಕೆಂಪು ದಾರ ಸುತ್ತಿದ್ದ ಸೂಜಿ ತಂದರು. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು. ಕಡೆಗೆ ಪೆಟ್ಟಿಗೆಯ ಒಳಜೇಬಿನಲ್ಲಿ ಇಟ್ಟು, “ಜಿಪ್ಪ ಹಾಕು,” ಎಂದರು. ಹಾಕಿದೆ.

“ತಗದು ನೋಡು, ಐತೇನು?”

ತೆಗೆದು ನೋಡಿದೆ. ಇತ್ತು.