ಹದಿನಾಲ್ಕು ಹೆಜ್ಜೆಯ ಉತ್ತರ

ಗ್ರಂಥಾಲಯ ಕ್ಷೇತ್ರದಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಅಪರೂಪದ ಹಸ್ತಪ್ರತಿಗಳನ್ನು ಕಾಪಾಡಿದವರಿದ್ದಾರೆ, ದಪ್ಪ ದಪ್ಪ ಸೂಚಿಗಳನ್ನು ಸಿದ್ಧಪಡಿಸಿದವರಿದ್ದಾರೆ, ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿ ಚಪ್ಪಾಳೆ ಗಿಟ್ಟಿಸಿದವರೂ ಇದ್ದಾರೆ. ಆದರೆ ಗಟ್ಟಿಯಾದ ಜೇನುತುಪ್ಪ ಕೆಟ್ಟಿದೆಯೋ ಇಲ್ಲವೋ, ಮೊಟ್ಟೆ ನೀರಿನಲ್ಲಿ ತೇಲಿದರೆ ಏನರ್ಥ, ಸಾಕಿದ ಗಿಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವುದೇಕೆ ಎಂದು ಒಂದಿಡೀ ಊರು ಮೂವತ್ತೊಂದು ವರ್ಷ ಯಾರನ್ನು ಕೇಳಿತೋ, ಅಂಥವರು ನಮ್ಮ ಫೋನಕ್ಕನವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಅವರ ನಿವೃತ್ತಿಯ ಸಂದರ್ಭದ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ನನ್ನ ಪಾಲಿಗೆ ಬಂದಿದೆ. ಆ ನಾಲ್ಕರಲ್ಲಿ ಒಂದನ್ನು ನಾನು ಹತ್ತೊಂಬತ್ತು ವರ್ಷಗಳ ಹಿಂದೆಯೇ ಹೇಳಬೇಕಿತ್ತು.

ಊರೆಲ್ಲ ಈ ಅಡ್ಡಹೆಸರಿನಿಂದಲೇ ಬಲ್ಲ ಫೋನಕ್ಕನವರು ನಮ್ಮ ಗ್ರಂಥಾಲಯದ ಮಾಹಿತಿ ಕೌಂಟರಿಗೆ ಬಂದಾಗ ಅಲ್ಲಿ ಇದ್ದದ್ದು ಒಂದು ಮೇಜು, ಒಂದು ಕಪ್ಪು ಟೆಲಿಫೋನು, ಒಂದು ಕಾಲು ಕುಂಟುವ ಸ್ಟೂಲು. ಆಕರ ಗ್ರಂಥಗಳ ಕಪಾಟು ಕೋಣೆಯ ಆಚೆ ತುದಿಯಲ್ಲಿತ್ತು, ಸರಿಯಾಗಿ ಹದಿನಾಲ್ಕು ಹೆಜ್ಜೆ ದೂರ. ಸಾರ್ವಜನಿಕರು ಫೋನು ಮಾಡಿ ಏನನ್ನು ಬೇಕಾದರೂ ಕೇಳಬಹುದು ಎಂಬ ವ್ಯವಸ್ಥೆಯನ್ನು ಆಗಿನ ಆಡಳಿತ ಮಂಡಳಿ ಜಾರಿಗೆ ತಂದದ್ದು ಜನ ಗಹನವಾದ ವಿಷಯಗಳನ್ನು ಕೇಳುತ್ತಾರೆಂಬ ಭರವಸೆಯಿಂದ. ಜನ ಕೇಳಿದ್ದು ಇರುವೆ ಓಡಿಸುವುದು ಹೇಗೆ ಎಂದು. ಮಂಡಳಿಯ ಹಿರಿಯರು ಮುಖ ಗಂಟಿಕ್ಕಿಕೊಂಡರಂತೆ. ಫೋನಕ್ಕನವರು ಮಾತ್ರ ಎದ್ದು ಹದಿನಾಲ್ಕು ಹೆಜ್ಜೆ ನಡೆದು, ಇರುವೆಯ ಪುಸ್ತಕ ತೆಗೆದರು.

ಅವರದು ಒಂದೇ ನಿಯಮ. ಉತ್ತರ ಬಾಯಲ್ಲೇ ಇದ್ದರೂ ಸರಿ, ನೂರು ಸಲ ಹೇಳಿದ್ದಾದರೂ ಸರಿ, ಎದ್ದು ಹೋಗಿ ಪುಸ್ತಕ ನೋಡಿಯೇ ಹೇಳಬೇಕು. "ಲೈನಲ್ಲೇ ಇರಿ, ನೋಡಿ ಹೇಳ್ತೀನಿ" ಎಂಬುದು ಅವರ ಬಾಯಿಂದ ದಿನಕ್ಕೆ ಐವತ್ತು ಸಲ ಬರುತ್ತಿತ್ತು. ಪ್ರತಿ ಪ್ರಶ್ನೆಯನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು: ದಿನಾಂಕ, ಪ್ರಶ್ನೆ, ಕೇಳಿದವರ ಗುರುತು, ಪುಸ್ತಕ ಮತ್ತು ಪುಟ, ಕೊನೆಯ ಕಾಲಮ್ಮಿನಲ್ಲಿ ಉತ್ತರಿಸಿದವರ ಸಹಿ. ಕೇಳಿದವರ ಹೆಸರು ವಿಚಾರಿಸುವಂತಿರಲಿಲ್ಲ. ದಡ್ಡ ಪ್ರಶ್ನೆ ಕೇಳಲು ಹೆಸರು ಹೇಳಬೇಕೆಂದರೆ ಯಾರು ತಾನೇ ಕೇಳುತ್ತಾರೆ ಎಂಬುದು ಅವರ ವಾದ. ಹೀಗಾಗಿ ನಮ್ಮ ರಿಜಿಸ್ಟರುಗಳ ತುಂಬ "ಕೆಮ್ಮುತ್ತ ಮಾತಾಡುವವರು", "ಮೀನಿನ ತೊಟ್ಟಿಯ ಅಪ್ಪ", "ಅತ್ತೆಗೆ ಕೇಳಿಸದ ಹಾಗೆ ಪಿಸುಗುಟ್ಟುವ ಸೊಸೆ" ಮುಂತಾದವರೇ ತುಂಬಿಕೊಂಡಿದ್ದಾರೆ.

ಅವರಲ್ಲೊಬ್ಬರು ಸೋಮವಾರದ ತಾತ. ಹೆಂಡತಿಯನ್ನು ಕಳೆದುಕೊಂಡ ಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡಿ, ಮೊಟ್ಟೆ ಬೇಯಲು ಎಷ್ಟು ನಿಮಿಷ ಬೇಕು ಎಂದು ಕೇಳುತ್ತಿದ್ದರು. ಫೋನಕ್ಕನವರು ಒಮ್ಮೆಯೂ "ಹೋದ ವಾರ ಹೇಳಿದೆನಲ್ಲ" ಎಂದವರಲ್ಲ. ಎದ್ದು ಹೋಗುವರು, ಅಡುಗೆ ಪುಸ್ತಕ ತೆರೆಯುವರು, ಬಂದು ಹೇಳುವರು. ಆಗಷ್ಟೇ ಸೇರಿದ್ದ ನಾನು ತಡೆಯಲಾರದೆ ಕೇಳಿದೆ: "ಅವರಿಗೆ ಇಷ್ಟು ಹೊತ್ತಿಗೆ ಬಾಯಿಪಾಠ ಆಗಿರಲ್ವಾ ಅಕ್ಕ?"

"ಆಗಿರುತ್ತೆ. ನಾನು ಹೋಗಿ ಬರೋವರೆಗಾದ್ರೂ ಅವರಿಗೆ ಕಾಯೋಕೆ ಒಬ್ಬರು ಇರ್ತಾರಲ್ಲ, ಅಷ್ಟಾದ್ರೂ ಇರಲಿ ಬಿಡು."

ಈ ಮಾತು ನನಗೆ ಆಗ ಅರ್ಥವಾಗಲಿಲ್ಲ. ಹದಿನಾಲ್ಕು ಹೆಜ್ಜೆ ನನಗೆ ಬರೀ ಕಾಲಹರಣವಾಗಿ ಕಾಣುತ್ತಿತ್ತು. ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಇಲ್ಲದ ಜಂಬ ಬೇರೆ.

ಇನ್ನು ಆ ದಿನದ ವಿಷಯ. ನಾನು ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು, ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನೊಂದೇ ತಿಂಗಳಿತ್ತು. ಫೋನಕ್ಕನವರು ಮಧ್ಯಾಹ್ನದ ಊಟಕ್ಕೆ ಹಿಂದಿನ ಕೋಣೆಗೆ ಹೋಗಿದ್ದರು. ಕೌಂಟರಿನ ಮುಂದೆ ಮೂವರು ನಿಂತಿದ್ದರು. ಫೋನು ಬಡಿದುಕೊಂಡಿತು. ಹೆಂಗಸಿನ ಗಾಬರಿಯ ದನಿ: "ನಮ್ಮ ಬೆಕ್ಕಿಗೆ ಮೈ ಸುಡ್ತಾ ಇದೆ. ನಾವು ಜ್ವರಕ್ಕೆ ನುಂಗ್ತೀವಲ್ಲ, ಆ ಮಾತ್ರೆ ಕೊಡಬಹುದಾ?"

"ಅರ್ಧ ಕೊಡಿ. ಹಾಲಲ್ಲಿ ಕಲಸಿ ಕೊಡಿ" ಎಂದು ಹೇಳಿ ಫೋನಿಟ್ಟೆ. ನನ್ನ ಸ್ವಂತ ಅಕ್ಕನ ಮಗುವಿಗೆ ಜ್ವರ ಬಂದಾಗ ಮನೆಯಲ್ಲಿ ಅರ್ಧ ಮಾತ್ರೆ ಕೊಟ್ಟದ್ದು ನೆನಪಿತ್ತು, ಅಷ್ಟೇ ನನ್ನ ಪಾಂಡಿತ್ಯ. ರಿಜಿಸ್ಟರಿನಲ್ಲಿ ಪ್ರಶ್ನೆ ಬರೆದೆ. ಗುರುತಿನ ಕಾಲಮ್ಮಿನಲ್ಲಿ "ಹಿಂದೆ ಹೊಲಿಗೆ ಯಂತ್ರದ ಸದ್ದು" ಎಂದು ಬರೆದೆ. ಪುಸ್ತಕದ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದೆ. ಕಾದು ನಿಂತವರ ಗಡಿಬಿಡಿಯಲ್ಲಿ ಸಹಿ ಹಾಕುವುದು ಮರೆತೇಹೋಯಿತು.

ಊಟ ಮುಗಿಸಿ ಬಂದ ಫೋನಕ್ಕನವರ ಕಣ್ಣು ನೇರವಾಗಿ ಆ ಗೆರೆಯ ಮೇಲೆ ಬಿತ್ತು. ಹದಿನಾಲ್ಕು ಹೆಜ್ಜೆ ನಡೆದು ಸಾಕುಪ್ರಾಣಿಗಳ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟರು. ಆ ಮಾತ್ರೆ ಬೆಕ್ಕಿಗೆ ವಿಷ, ಸ್ವಲ್ಪವೇ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಕರೆ ಮಾಡಿದವರ ನಂಬರು ತೋರಿಸುವ ಫೋನು ಆಗ ನಮ್ಮಲ್ಲಿರಲಿಲ್ಲ.

ಅವರು ಹಳೆಯ ರಿಜಿಸ್ಟರುಗಳನ್ನು ಎಳೆದು ಹಾಕಿ ಬೆರಳು ಓಡಿಸತೊಡಗಿದರು. ಮೂರು ತಿಂಗಳ ಹಿಂದಿನ ಪುಟದಲ್ಲಿ ಅವರದೇ ಅಕ್ಷರ: "ಬಿಳಿ ಬಟ್ಟೆಗೆ ಯಂತ್ರದ ಎಣ್ಣೆ ಕಲೆ. ಹೊಲಿಗೆಯವರು. ಎದುರಿಗೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತದೆ." ಶಾಲೆಯ ಎದುರಿಗೇ ಹೊಲಿಗೆ ಅಂಗಡಿ ಇದ್ದದ್ದು ಊರಿನಲ್ಲಿ ಎರಡೇ ಕಡೆ. ಫೋನಕ್ಕನವರು ಕೌಂಟರಿನ ಮೇಲೆ "ಮುಚ್ಚಿದೆ" ಎಂಬ ಹಲಗೆ ಇಟ್ಟರು. ಆ ಹಲಗೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದು ಅಂಗಡಿಗೆ ಅವರು, ಇನ್ನೊಂದಕ್ಕೆ ನಾನು ಓಡಿದೆವು.

ನಾನು ಹೋದ ಅಂಗಡಿಯಲ್ಲಿ ಒಬ್ಬ ಮುದುಕರು ಕೋಟಿಗೆ ಗುಂಡಿ ಹಾಕುತ್ತ ಕೂತಿದ್ದರು. ಬೆಕ್ಕು ಕಂಡರೆ ತಮಗಾಗದು ಎಂದರು. ಅಲ್ಲಿಂದ ಏದುಸಿರು ಬಿಡುತ್ತ ಇನ್ನೊಂದಕ್ಕೆ ಬಂದರೆ, ಫೋನಕ್ಕನವರು ಬಟ್ಟೆ ಚೂರುಗಳ ನಡುವೆ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಹಾಲಿನ ಬಟ್ಟಲು. ಹಾಲು ಹಾಗೇ ಇತ್ತು. ಬೆಕ್ಕು ಒಂದು ಸಲ ಮೂಸಿ, ಮುಖ ತಿರುಗಿಸಿಕೊಂಡು ಹೋಗಿ ಅಸ್ತರಿನ ಬಟ್ಟೆಯ ಮೇಲೆ ಮಲಗಿತ್ತಂತೆ. ನನಗಿಂತ ಅದಕ್ಕೇ ಹೆಚ್ಚು ತಿಳಿವಳಿಕೆ ಇತ್ತು.

ಹೊಲಿಗೆಯಾಕೆ ಕೆಂಡವಾಗಿದ್ದರು. "ಕೊಡಿ ಅಂತ ಹೇಳಿದ್ದೂ ನೀವೇ, ಕೊಡಬೇಡಿ ಅಂತ ಓಡಿ ಬರೋದೂ ನೀವೇನಾ?"

"ಹೌದಮ್ಮ, ನಮ್ಮಿಂದ ತಪ್ಪಾಯ್ತು. ಮೊದಲು ಇವನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ನಡೀರಿ" ಎಂದು ಫೋನಕ್ಕನವರು ಎದ್ದರು. ಬೆಕ್ಕು ಹುಷಾರಾಯಿತು.

ಕೌಂಟರು ಒಂದೂವರೆ ಗಂಟೆ ಮುಚ್ಚಿದ್ದಕ್ಕೆ ಮುಖ್ಯ ಗ್ರಂಥಪಾಲಕರು ವಿವರಣೆ ಕೇಳಿದರು. ಫೋನಕ್ಕನವರು ಎರಡೇ ಸಾಲು ಬರೆದುಕೊಟ್ಟರು: ಕೌಂಟರಿನಿಂದ ತಪ್ಪು ಉತ್ತರ ಹೋಯಿತು, ಸರಿಪಡಿಸಲು ಹೋದೆ. ಯಾರ ತಪ್ಪು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ, ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಫೋನಕ್ಕನವರಿಗೆ ಲಿಖಿತ ಎಚ್ಚರಿಕೆ ಬಂತು. ಆ ವರ್ಷ ವಿಭಾಗದ ಮುಖ್ಯಸ್ಥರ ಹುದ್ದೆ ಅವರಿಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು, ಅದು ಬೇರೆಯವರಿಗೆ ಹೋಯಿತು. ಮರುತಿಂಗಳು ನನ್ನ ಕೆಲಸ ಖಾಯಮ್ಮಾಯಿತು. ಅವರು ನನಗೆ ಬೈದದ್ದು ಇಷ್ಟೇ: "ಹದಿನಾಲ್ಕು ಹೆಜ್ಜೆ ಉಳಿಸೋಕೆ ಹೋಗಿ ಊರೆಲ್ಲಾ ಓಡಿದ್ಯಲ್ಲೇ, ಕಾಲು ನೋಯ್ತಿದ್ಯಾ?"

ನನಗೆ ನಾಚಿಕೆಯಾಯಿತು. ಆಮೇಲೆ ಆ ನಾಚಿಕೆ ಅಭ್ಯಾಸವಾಗಿಹೋಯಿತು, ಅದು ಇನ್ನೂ ಕೆಟ್ಟದ್ದು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಹತ್ತೊಂಬತ್ತು ವರ್ಷ ಅವರ ಪಕ್ಕದ ಸ್ಟೂಲಿನಲ್ಲೇ ಕೂತೆ.

ಹೋದ ತಿಂಗಳು ಈ ಗ್ರಂಥದ ಕರಡು ತಿದ್ದಲು ನನ್ನ ಕೈಗೆ ಬಂತು. ಕಡತದಲ್ಲಿದ್ದ ಆ ಎಚ್ಚರಿಕೆ ಪತ್ರ ನೋಡಿ ಸಂಪಾದಕರು ಅಭಿಮಾನದಿಂದಲೇ ಬರೆದಿದ್ದರು: "ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಇವರು ಕೊಟ್ಟ ತಪ್ಪು ಉತ್ತರ ಒಂದೇ ಒಂದು." ಆ ಸಾಲನ್ನು ದಾಟಿ ಮುಂದಕ್ಕೆ ಹೋಗಲು ನನ್ನಿಂದಾಗಲಿಲ್ಲ. ಫೋನಕ್ಕನವರ ಮನೆಗೆ ಫೋನು ಮಾಡಿ, "ಅಕ್ಕ, ಆ ಬೆಕ್ಕಿನ ವಿಷಯ ಬರೀತೀನಿ" ಎಂದೆ.

"ಬರಿ. ಆದ್ರೆ ನೆನಪಿನಿಂದ ಬರೀಬೇಡ, ರಿಜಿಸ್ಟರ್ ನೋಡಿ ಬರಿ" ಎಂದರು.

ನೆಲಮಾಳಿಗೆಗೆ ಇಳಿದು ಆ ವರ್ಷದ ರಿಜಿಸ್ಟರು ಹುಡುಕಿ ತೆಗೆದೆ. ನಾನು ಎಳೆದ ಗೆರೆಯ ಮೇಲೆ ಅವರು ಸರಿಯಾದ ಪುಸ್ತಕದ ಹೆಸರು, ಪುಟಸಂಖ್ಯೆ ಬರೆದಿದ್ದರು. ಕೊನೆಯ ಕಾಲಮ್ಮು ಖಾಲಿ ಇತ್ತು. ಒಂದು ಸಹಿಯೂ ಬಿಟ್ಟುಹೋಗದಂತೆ ಮೂವತ್ತೊಂದು ವರ್ಷ ರಿಜಿಸ್ಟರು ಕಾಯ್ದವರು ಅಲ್ಲಿ ತಮ್ಮ ಸಹಿ ಹಾಕಿ ಸುಳ್ಳನ್ನೂ ಬರೆದಿರಲಿಲ್ಲ, ನನ್ನ ಹೆಸರು ಬರೆದು ನನ್ನನ್ನೂ ಬಿಟ್ಟುಕೊಟ್ಟಿರಲಿಲ್ಲ. ಆ ಜಾಗ ನನಗಾಗಿ ಕಾದಿತ್ತು. ಅಲ್ಲೇ ಏಣಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಸಹಿ ಹಾಕಿ, ಕೆಳಗೆ ಇಂದಿನ ದಿನಾಂಕ ಬರೆದೆ.

ಆದ್ದರಿಂದ ಸಂಪಾದಕರಲ್ಲಿ ವಿನಂತಿ: ಫೋನಕ್ಕನವರು ಕೊಟ್ಟ ತಪ್ಪು ಉತ್ತರಗಳ ಸಂಖ್ಯೆ ಸೊನ್ನೆ. ದಯವಿಟ್ಟು ತಿದ್ದಿಕೊಳ್ಳಿ.

ನಿವೃತ್ತಿಯ ದಿನ ಅವರು ಕೌಂಟರಿನಿಂದ ಮನೆಗೆ ಒಯ್ದದ್ದು ಒಂದೇ ಒಂದು ನೋಟುಬುಕ್ಕು. ಯಾವ ಪುಸ್ತಕದಲ್ಲೂ ಉತ್ತರ ಸಿಗದ ಪ್ರಶ್ನೆಗಳು ಅದರಲ್ಲಿವೆ. ಪಕ್ಕದವರ ತಟ್ಟೆಯಲ್ಲಿರುವುದೇ ಹೆಚ್ಚು ರುಚಿಯಾಗಿ ಕಾಣುವುದೇಕೆ, ಮನೆಯ ಅಷ್ಟೂ ಜನರಲ್ಲಿ ನಾಯಿ ಒಬ್ಬರನ್ನೇ ಆರಿಸಿಕೊಳ್ಳುವುದು ಹೇಗೆ ಎಂಬಂಥವು. ಅವನ್ನು ಒಂದೊಂದಾಗಿ ಬಗೆಹರಿಸುವುದು ಇನ್ನು ಅವರ ಕೆಲಸವಂತೆ. ನಾನು ಎಣಿಸಿದ್ದೇನೆ, ಒಟ್ಟು ಇನ್ನೂರ ಹತ್ತು ಪ್ರಶ್ನೆಗಳಿವೆ. ಅವರು ಹುಡುಕುವ ರೀತಿ ಬಲ್ಲವಳಾಗಿ ಹೇಳುವುದಾದರೆ ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಗಿಯುವುದಿಲ್ಲ. ಆ ಪ್ರಕಾರ ಅವರು ಇನ್ನೂ ಎಪ್ಪತ್ತು ವರ್ಷ ಗಟ್ಟಿಮುಟ್ಟಾಗಿ ಇರಲೇಬೇಕು. ಅಕ್ಕ, ಈ ಸಲ ಎದ್ದು ಹೋಗಿ ನೋಡಿಯೇ ಹೇಳ್ತಿದ್ದೀನಿ.