ತೂಬಿನ ಕಂಬಕ್ಕೆ ಕಟ್ಟಿದ್ದ ಟವಲು

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಕೆರೆ ತೂಬಿನ ಕಂಬದಿಂದ ಒಂದು ಕೊಳಕು ಟವಲನ್ನು ಬಿಚ್ಚಿ ಚೀಲಕ್ಕೆ ತುರುಕಿದೆ. ಫೋಟೋ ತೆಗೆಯುವ ಮುನ್ನ ಗಡಿಯಾರ ನೋಡಿ ಬೆಳಕು ಅಳೆಯುವ ಶಿಸ್ತಿನ ಮನುಷ್ಯ ನಾನು. ಪಾಳೆಯಗಾರರ ಕಾಲದ ಕಂಬಕ್ಕೆ ಚೌಕಳಿ ಟವಲು ಸುತ್ತಿದ್ದರೆ ಚರಿತ್ರೆಯ ಘನತೆ ಏನಾಗಬೇಕು?

ಎಪ್ಪತ್ತರ ದಶಕದ ಆ ದಿನಗಳಲ್ಲಿ ಚರಿತ್ರೆಯನ್ನು ಕಾಪಾಡುವ ಹೊಣೆ ನಮ್ಮಿಬ್ಬರ ಮೇಲಿತ್ತು. ನಾನು, ನನ್ನ ಗೆಳೆಯ, ಇಬ್ಬರೂ ಎಂ.ಎ. ಮುಗಿಸಿ ಮಂಡ್ಯದ ಗುತ್ತಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಹಿಂದಿನ ಭಾನುವಾರ ಮದ್ದೂರಿನ ಗುಡಿಯನ್ನು ಕಾಪಾಡಿ ಮುಗಿಸಿದ್ದೆವು. ಈ ಭಾನುವಾರ ಕಿರುಗಾವಲಿನ ಹತ್ತಿರದ ಈ ಕೆರೆ. ಏರಿಯ ಕೆಳಗೆ ನೀರು ಹೊರಬರುವ ಸುರಂಗದಲ್ಲಿ ಶಾಸನವಿದೆಯೆಂದು ಕೇಳಿ ಗೆಳೆಯ ಟಾರ್ಚು, ಕಾಗದ, ಮಸಿ ಹಿಡಿದು ಹೊಟ್ಟೆಯ ಮೇಲೆ ಒಳಗೆ ತೆವಳಿದ.

ಎಮ್ಮೆ ಮೇಯಿಸುತ್ತಿದ್ದ ಮುದುಕ ನೋಡುತ್ತ ನಿಂತಿದ್ದ.

"ಏನ್ ಸಾಮಿ, ಕಪ್ಪೆ ಇಡಿಯಕ್ಕಾ?"

"ಕಲ್ಲಿನ ಅಕ್ಷರ ಓದೋಕೆ."

"ಕಾಲೇಜ್ನಾಗೆ ಪುಸ್ತಕ ಮುಗುದೋದ್ವಾ?" ಎಂದು ಹೆಗಲ ಟವಲು ತೆಗೆದುಕೊಂಡು ಏರಿ ಹತ್ತಿದ. ಯಾಕೆಂದು ನಾನು ಕೇಳಲಿಲ್ಲ. ವಿದ್ವಾಂಸರು ಅಂಥದ್ದನ್ನು ಕೇಳುವುದಿಲ್ಲ.

ಫೋಟೋಗೆಂದು ನಾನೂ ಏರಿ ಹತ್ತಿ ಆ ಟವಲು ಬಿಚ್ಚಿದ ಸ್ವಲ್ಪ ಹೊತ್ತಿಗೆ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಏರಿಯ ಆ ತುದಿಯಿಂದ ಬಂದ. ಕಂಬ ನೋಡಿದ. ನನಗೆ ತಲೆಯಾಡಿಸಿದ. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಅವನು ತೂಬಿನ ಬಾಯಿ ಮುಚ್ಚಿದ್ದ ಕೋಲು ಎತ್ತಿದ. ಪ್ರಾಚೀನ ನೀರಾವರಿ ಕಣ್ಣೆದುರೇ ನಡೆಯುತ್ತಿದೆಯಲ್ಲ ಎಂದು ಕ್ಯಾಮೆರಾದ ರೀಲು ತಿರುಗಿಸುತ್ತಿದ್ದೆ. ಸುರಂಗದೊಳಗಿನಿಂದ ನನ್ನ ಹೆಸರು ಕೇಳಿಸಿತು. ಅರ್ಧ ಮಾತ್ರ.

"ಕೋಲು ಬುಡ್ಲಾ, ಒಳಗೆ ಮನ್ಸ ಅವ್ನೆ," ಎಂದು ಮುದುಕ ಕೂಗುತ್ತ ಓಡಿಬಂದ. ಇಬ್ಬರೂ ಸೇರಿ ಗೆಳೆಯನನ್ನು ಕಾಲು ಹಿಡಿದು ಎಳೆದರು. ಮುಖವೆಲ್ಲ ಮಸಿ. ಉಸಿರಿರಲಿಲ್ಲ. ಬೆನ್ನಿಗೆ ಗುದ್ದಿ ಗುದ್ದಿ ನೀರು ಕಕ್ಕಿಸಿದ ಮೇಲೆ ಕೆಮ್ಮಿದ.

"ಟವಲ್ ಕಟ್ಟಿವ್ನಿ, ಕಣ್ಣು ಕಾಣಾಕಿಲ್ವಲಾ ನಿಂಗೆ?"

"ಕಟ್ಟಿದ್ರೆ ನಾನ್ಯಾಕಣ್ಣ ಎತ್ತುತಿದ್ದೆ? ಕಂಬದಲ್ಲಿ ಏನೂ ಇರ್ನಿಲ್ಲ."

ಕಂಬದಲ್ಲಿ ಟವಲಿದ್ದರೆ ತೂಬಿನೊಳಗೆ ಮನುಷ್ಯನಿದ್ದಾನೆ ಎಂದರ್ಥ. ಆ ಊರಿನ ಮಕ್ಕಳಿಗೂ ಗೊತ್ತಿದ್ದ ವಿಷಯ.

"ನೀವು ನೋಡುದ್ರಾ ಸಾಮಿ?" ಎಂದು ಮುದುಕ ನನ್ನ ಕಡೆ ತಿರುಗಿದ.

"ಗಮನಿಸಲಿಲ್ಲ," ಎಂದೆ, ಶುದ್ಧ ಕನ್ನಡದಲ್ಲಿ.

ಅಜ್ಜನ ಕಾಲದಿಂದ ನೀರುಗಂಟಿಯ ಮನೆಯಲ್ಲಿದ್ದ ಆ ಕೆಲಸವನ್ನು ಊರವರು ಅಂದೇ ಬಿಡಿಸಿದರು. ರಾತ್ರಿಗಳಲ್ಲಿ ಗೆಳೆಯ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಕಣ್ಣು ಮುಚ್ಚಿದರೆ ಆ ಅರ್ಧ ಹೆಸರು. ಅವನ ಮುಷ್ಟಿಯಲ್ಲಿ ಉಳಿದಿದ್ದ ಕಾಗದದ ಚೂರಿನಲ್ಲಿ ಶಾಸನದ ಒಂದೇ ಸಾಲು ಸ್ಪಷ್ಟವಾಗಿ ಮೂಡಿತ್ತು: ಈ ಕೆರೆಗೆ ಕೇಡು ಮಾಡಿದವನು ಯಾವ ನರಕಕ್ಕೆ ಹೋಗುತ್ತಾನೆಂಬುದು. ಅವನು ಅದನ್ನು ದಿನಕ್ಕೆರಡು ಸಲ ಸಂತೋಷದಿಂದ ಓದುತ್ತಿದ್ದ.

ಅದಾದ ನಾಲ್ಕನೆಯ ಭಾನುವಾರ ಟವಲನ್ನು ಒಗೆದು, ಇಸ್ತ್ರಿ ಮಾಡಿಸಿ, ಒಬ್ಬನೇ ಹೋಗಿ ಊರವರ ಮುಂದೆ ಇಟ್ಟು ನಡೆದದ್ದು ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮುದುಕ ಟವಲು ತಿರುಗಿಸಿ ನೋಡಿದ.

"ಇಸ್ತ್ರಿ ಬ್ಯಾರೆ," ಎಂದು ಅದನ್ನು ಅಲ್ಲೇ ನಿಂತಿದ್ದ ನೀರುಗಂಟಿಯ ಹೆಗಲಿಗೆ ಹಾಕಿದ. "ಒತ್ತಾಯ್ತು, ಓಗ್ಲಾ, ನೀರು ಬುಡೋಗು."

ಅಂದು ಸಂಜೆ ಗೆಳೆಯನಿಗೂ ಹೇಳಿದೆ. ಅವನು ಮಾತು ಬಿಟ್ಟ. ಬುಧವಾರ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆಯೆತ್ತದೆ, "ಮಳವಳ್ಳಿ ಹತ್ತಿರ ಇನ್ನೊಂದು ತೂಬಿದೆಯಂತೆ. ಒಳಗೆ ನೀನು ಹೋಗು. ಟವಲು ನಾನು ಕಾಯ್ತೀನಿ," ಎಂದ.

ಆ ಬುಧವಾರ ರಾತ್ರಿ ನಾನು ಬೆಳಗಾಗುವವರೆಗೆ ನಿದ್ದೆ ಮಾಡಿದೆ.